ಬೆಳ್ಳಿಹಬ್ಬದ ದಿನದ ಕಪ್ಪು ಬಾವುಟ



"ಇವತ್ತೊಂದಿನ ಸುಮ್ನಿರ್ರಪ್ಪಾ, ಧ್ವಜ ಹಾರಿಸೋ ದಿನ." ಆಗಸ್ಟ್ ಬಂದರೆ ಸಾಕು, ಈ ಬುದ್ಧಿಮಾತು ಶುರು. ಹೇಳೋರಲ್ಲಿ ನಮ್ಮವರೂ ಇದ್ದಾರೆ. ಅವರಿಗಾಗಿ 1972ರ ಕಥೆ ಹೇಳ್ತೀನಿ.

ಅದು ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ. ಮಹಾರಾಷ್ಟ್ರದ ಪರಭಣಿ ಜಿಲ್ಲೆಯ ಬ್ರಾಹ್ಮಣಗಾಂವ್‌ನಲ್ಲಿ ದಲಿತ ಹೆಣ್ಣುಮಕ್ಕಳನ್ನು ಬೆತ್ತಲೆ ಮೆರವಣಿಗೆ ಮಾಡಿದ್ದರು. ದೌರ್ಜನ್ಯಗಳನ್ನು ದಾಖಲಿಸಿದ್ದ ಇಳಯಪೆರುಮಾಳ್ ಸಮಿತಿ ವರದಿ ಅಷ್ಟರಲ್ಲಿ ಸಂಸತ್ತಿನ ಮುಂದೆ ಬಂದಾಗಿತ್ತು. ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದ ಯುವಕರು ಮುಂಬೈನಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದ್ದು ಆ ವರ್ಷವೇ. ಊರೆಲ್ಲ ದೀಪ ಹಚ್ಚಿದಾಗ ಇವರು ಕಪ್ಪು ಬಾವುಟ ಹಿಡಿದು ಕರಾಳ ಸ್ವಾತಂತ್ರ್ಯ ದಿನ ಆಚರಿಸಿದರು.

ಸಾನೆ ಗುರೂಜಿ ಶುರು ಮಾಡಿದ 'ಸಾಧನಾ' ವಾರಪತ್ರಿಕೆಯ ಆಗಸ್ಟ್ 15ರ ಸಂಚಿಕೆಯಲ್ಲಿ ಢಾಲೆ ಅದೇ ಹೆಸರಿನ ಲೇಖನ ಬರೆದರು. ಅವರ ಲೆಕ್ಕ ಇಷ್ಟೇ: ದಲಿತ ಹೆಣ್ಣಿನ ಸೀರೆಗೆ ಕೈ ಹಾಕಿದರೆ 50 ರೂಪಾಯಿ ದಂಡ, ರಾಷ್ಟ್ರಧ್ವಜಕ್ಕೆ ಅವಮಾನ ಮಾಡಿದರೆ 300. ಹಾಗಾದ್ರೆ ಆ ಧ್ವಜ ನಮಗೇನು ಕೊಟ್ಟಿತು ಅಂತ ಕೇಳಿದರು. ಅವರ ಭಾಷೆ ಒರಟು, ಹೌದು. ಒಂದೆರಡು ಮಾತು ಬೇಕಿರಲಿಲ್ಲ ಅಂತ ನನಗೂ ಅನ್ಸುತ್ತೆ. ದುರ್ಗಾ ಭಾಗವತರಂಥ ದೊಡ್ಡ ಲೇಖಕಿಯೇ ಸಿಟ್ಟಾದರು, ಮಹಾರಾಷ್ಟ್ರದಲ್ಲಿ ಗದ್ದಲವೆದ್ದಿತು. ಗದ್ದಲವೆಲ್ಲ ಧ್ವಜದ ಬಗ್ಗೆ. 50 ರೂಪಾಯಿಯ ಬಗ್ಗೆ ಅಷ್ಟು ಗದ್ದಲ ಆಗಲಿಲ್ಲ, ಗಮನಿಸಿ. ಅದೇ ಲೇಖನ ಜುಲೈನಲ್ಲಿ ಬಂದಿದ್ದರೆ ಯಾರು ಓದುತ್ತಿದ್ದರು?

ಸ್ವಾತಂತ್ರ್ಯ ಯಾರ ಮನೆಗೆ ಬಂತು ಅನ್ನೋ ಪ್ರಶ್ನೆಯನ್ನು ನಮ್ಮಲ್ಲಿ ಸಿದ್ದಲಿಂಗಯ್ಯನವರು ಹಾಡು ಮಾಡಿದರು. ಇವತ್ತು ಅದನ್ನು ಅಧಿಕಾರಿಗಳೂ ತಲೆದೂಗಿ ಕೇಳ್ತಾರೆ, ಇರಲಿ.

ಇನ್ನು ಕಾನೂನು. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ಪ್ರಕಾರ ರಾಷ್ಟ್ರಗೀತೆ ಹಾಡದಂತೆ ಬೇಕಂತಲೇ ತಡೆಯೋದು, ಹಾಡುತ್ತಿರುವ ಸಭೆ ಕೆಡಿಸೋದು ಅಪರಾಧ. ಗೌರವದಿಂದ ಎದ್ದು ನಿಂತು ಮೌನವಾಗಿರೋದು ಅಪರಾಧವಲ್ಲ; ಕೇರಳದ ಮೂರು ಶಾಲಾಮಕ್ಕಳ ಪ್ರಕರಣದಲ್ಲಿ 1986ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತೋಳಿಗೆ ಕಪ್ಪು ಪಟ್ಟಿ ಕಟ್ಟಬಾರದು ಅಂತ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ, ಓದಿ ನೋಡಿ.

ನಮ್ಮ ಹುಡುಗರು ಈ ಸಲ ಸ್ಮಶಾನದ ಜಾಗಕ್ಕಾಗಿ ಕಪ್ಪು ಪಟ್ಟಿ ಕಟ್ಟಿಕೊಂಡೇ ಧ್ವಜಾರೋಹಣಕ್ಕೆ ಹೋಗ್ತಿದ್ದಾರೆ. ರಾಷ್ಟ್ರಗೀತೆ ಮುಗಿಯೋವರೆಗೂ ಮೌನ. ಆಮೇಲೆ ತಹಶೀಲ್ದಾರರಿಗೆ ಮನವಿ. ಉಳಿದ ದಿನಗಳಲ್ಲಿ ಸುಮ್ಮನೆ ಕೊಟ್ಟು ಬಂದ ಹನ್ನೊಂದು ಅರ್ಜಿಗಳ ಸ್ವೀಕೃತಿ ಚೀಟಿಗಳನ್ನೂ ಅದಕ್ಕೆ ಲಗತ್ತಿಸಿದ್ದೇವೆ.