ನೆಲವನ್ನು ಮರಳಿ ಪಡೆದ ದೊರೆ: ಎರಡನೆಯ ಸೊಭುಜಾ

ಆಫ್ರಿಕಾ ಖಂಡದ ದಕ್ಷಿಣದಲ್ಲಿ ಸ್ವಾಜಿಲ್ಯಾಂಡ್ ಎಂಬ ಪುಟ್ಟ ರಾಜ್ಯವಿದೆ. 2018ರಿಂದ ಅದರ ಹೆಸರು ಎಸ್ವಾಟಿನಿ. ಈ ನಾಡಿನ ದೊರೆ ಎರಡನೆಯ ಸೊಭುಜಾ 1899ರ ಜುಲೈ 22ರಂದು ಜನಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ತಂದೆ ಭುನು ತೀರಿಕೊಂಡುದರಿಂದ ತೊಟ್ಟಿಲ ಕೂಸಿಗೆ ಪಟ್ಟ ಸಂದಿತು. 1982ರ ಆಗಸ್ಟ್ 21ರಂದು ಮರಣ ಹೊಂದುವವರೆಗೆ, ಎಂದರೆ 82 ವರ್ಷಗಳಿಗೂ ಮಿಕ್ಕಿ, ಆ ಪಟ್ಟ ಅವನದೇ ಆಗಿದ್ದಿತು. ವರ್ಷಗಳ ಎಣಿಕೆಯಿಂದಲೇ ಅರಸನ ಹಿರಿಮೆಯನ್ನು ಅಳೆಯಲಾಗದು. ಆ ವರ್ಷಗಳು ಯಾವುದಕ್ಕೆ ಸಂದುವೆಂಬುದೇ ಮುಖ್ಯ. ಸೊಭುಜಾನ ಮಟ್ಟಿಗೆ ಅವು ಬಹುಪಾಲು ನೆಲಕ್ಕಾಗಿ ಸಂದುವು.

ಅವನ ಅಜ್ಜ ಮ್ಬಾಂಡ್ಜೆನಿಯ ಆಳ್ವಿಕೆಯಲ್ಲಿ (1875-1889) ಬಿಳಿಯರು ಗಣಿಗೆಂದು, ಹುಲ್ಲುಗಾವಲಿಗೆಂದು, ಬೇಸಾಯಕ್ಕೆಂದು ಒಂದರ ಮೇಲೊಂದು ಹಕ್ಕುಪತ್ರಗಳಿಗೆ ಅರಸನ ಅಂಕಿತ ಪಡೆದರು. ಸ್ವಾಜಿ ಸಂಪ್ರದಾಯದಲ್ಲಿ ನೆಲ ಮಾರುವ ವಸ್ತುವಲ್ಲ. ಪ್ರಜೆಗಳ ಪರವಾಗಿ ಅರಸನು ಅದನ್ನು ಕಾಯುವವನು. ಕೊಟ್ಟವರು ಬಳಕೆಯ ಹಕ್ಕನ್ನು ಕೊಟ್ಟೆವೆಂದು ತಿಳಿದರೆ ಪಡೆದವರು ಒಡೆತನವನ್ನೇ ಸಾಧಿಸಿದರು. 1907ರ ಬ್ರಿಟಿಷ್ ಘೋಷಣೆಯಂತೆ ನಾಡು ಪಾಲಾದಾಗ ನಾಡಿಗರಿಗೆ ಉಳಿದದ್ದು ಸುಮಾರು ಮೂರರಲ್ಲೊಂದು ಪಾಲು. ತಮ್ಮ ಹಿರಿಯರ ಹೊಲಗಳಲ್ಲಿಯೇ ಅನೇಕರು ಒಕ್ಕಲುಗಳಾದರು.

ಸ್ವಾಜಿ ರಾಜನೀತಿಯಲ್ಲಿ ಅರಸನಿಗೆ ‘ಸಿಂಹ’ವೆಂದೂ ರಾಜಮಾತೆಗೆ ‘ಹೆಣ್ಣಾನೆ’ಯೆಂದೂ ಬಿರುದು, ಆಳ್ವಿಕೆಯ ಹೊಣೆ ಇಬ್ಬರದೂ ಹೌದು. ಬಾಲಕನ ಪರವಾಗಿ 1921ರವರೆಗೆ ರಾಜ್ಯಭಾರ ನಡೆಸಿದ ಅಜ್ಜಿ ಲಬೊಟ್ಸಿಬೆನಿ ಈ ಬಿರುದಿಗೆ ನಿಜವಾಗಿ ತಕ್ಕವಳು. ಬಿಳಿಯರ ಬಲ ಹಣದಲ್ಲಿಯೂ ವಿದ್ಯೆಯಲ್ಲಿಯೂ ಇದೆಯೆಂಬುದನ್ನು ಆಕೆ ಕಂಡುಕೊಂಡಿದ್ದಳು. ಗಣಿಗಳಿಗೆ ದುಡಿಯಹೋದ ತರುಣರಿಂದ ನೆಲ ಕೊಳ್ಳಲು ಹಣ ಕೂಡಿಸಿದಳು. ಮೊಮ್ಮಗನನ್ನು ಜೊಂಬೊಡ್ಜೆಯ ಶಾಲೆಯಲ್ಲಿ ಓದಿಸಿ ಬಳಿಕ ಕೇಪ್ ಪ್ರಾಂತದ ಲವ್‌ಡೇಲ್ ವಿದ್ಯಾಲಯಕ್ಕೆ ಕಳುಹಿದಳು.

ಅಧಿಕಾರ ವಹಿಸಿದ ಮರುವರ್ಷವೇ ಸೊಭುಜಾ ನಿಯೋಗದೊಡನೆ ಲಂಡನ್ನಿಗೆ ತೆರಳಿ ನೆಲದ ಅಹವಾಲನ್ನು ಮಂಡಿಸಿದನು. ಫಲ ದೊರೆಯಲಿಲ್ಲ. ಅಲಿಸ್ಟರ್ ಮಿಲ್ಲರ್ ಎಂಬ ಭೂಮಾಲಿಕನ ವಿರುದ್ಧದ ವ್ಯಾಜ್ಯವೂ 1926ರಲ್ಲಿ ಪ್ರಿವಿ ಕೌನ್ಸಿಲಿನಲ್ಲಿ ಸೋತಿತು. ಪರಾಜಿತನು ಆಯುಧ ಹಿಡಿಯಲಿಲ್ಲ, ಹಟವನ್ನೂ ಬಿಡಲಿಲ್ಲ. 1941ರಲ್ಲಿ ಬ್ರಿಟಿಷ್ ಚಕ್ರವರ್ತಿಗೆ ಮನವಿ ಸಲ್ಲಿಸಿದನು. ಅದೇ ದಶಕದಲ್ಲಿ, ಪ್ರಜೆಗಳ ದನಕರುಗಳ ಮಾರಾಟದಿಂದ ಬಂದ ಹಣವನ್ನು ಕೂಡಿಹಾಕುವ ನಿಧಿಯೊಂದು ಏರ್ಪಟ್ಟಿತು; ಅದರ ಹೆಸರು ‘ಲಿಫಾ’, ಎಂದರೆ ಪಿತ್ರಾರ್ಜಿತ. ತಮ್ಮದಾಗಿದ್ದುದನ್ನೇ ಹಣ ತೆತ್ತು ಕೊಳ್ಳಬೇಕಾಗಿ ಬಂದವರ ನೋವು ಈ ಹೆಸರಿನಲ್ಲಿಯೇ ಇದೆ. 1968ರ ಸೆಪ್ಟೆಂಬರ್ 6ರಂದು ಸ್ವಾತಂತ್ರ್ಯ ಬಂದಾಗ ನಾಡಿನ ಅರ್ಧಕ್ಕಿಂತ ಹೆಚ್ಚು ನೆಲ ಸ್ವಾಜಿ ಜನಾಂಗದ ವಶಕ್ಕೆ ಮರಳಿದ್ದಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. 1972ರ ಚುನಾವಣೆಯಲ್ಲಿ ವಿರೋಧ ಪಕ್ಷವು 24 ಸ್ಥಾನಗಳಲ್ಲಿ ಮೂರನ್ನು ಗೆದ್ದಿತು. ಮೂರೇ ಸ್ಥಾನ! ಅಷ್ಟನ್ನೂ ಸಹಿಸದ ದೊರೆ 1973ರ ಏಪ್ರಿಲ್ 12ರಂದು ಸಂವಿಧಾನವನ್ನು ರದ್ದುಪಡಿಸಿ ಪಕ್ಷಗಳನ್ನು ನಿಷೇಧಿಸಿದನು. ವಿಚಾರಣೆಯಿಲ್ಲದೆ 60 ದಿನ ಸೆರೆಯಲ್ಲಿಡುವ ಅಧಿಕಾರವನ್ನೂ ಪಡೆದನು. ಪರದೇಶದ ನ್ಯಾಯಪೀಠದ ಮುಂದೆ ಅರ್ಧ ಶತಮಾನದ ಹಿಂದೆ ನ್ಯಾಯ ಬೇಡಿದ್ದವನಿಗೆ ಇದು ಒಪ್ಪುವ ಕೆಲಸವಾಗಿರಲಿಲ್ಲ. ಮರಳಿ ಬಂದ ನೆಲವೂ ಅರಸನ ಪಾಲಕತ್ವದಲ್ಲಿಯೇ ಉಳಿಯಿತು. ಅಲ್ಲಿ ಮನೆ ಕಟ್ಟಿ ಉಳಲು ಬಯಸುವವನು ಇಂದಿಗೂ ಊರಿನ ಮುಖ್ಯಸ್ಥನಲ್ಲಿಗೆ ಹೋಗಿ, ನಿಷ್ಠೆಯನ್ನು ಅರ್ಪಿಸಿ, ಅವನ ಕೈಯಿಂದಲೇ ಭೂಮಿಯನ್ನು ಪಡೆಯಬೇಕು.