ಒಲ್ಲೆ ಅನ್ನೋಕೂ ನೋಟಿಸ್ ಕೊಟ್ಟವರು

ಗಡಿಯಲ್ಲಿ ಗುಂಡಿನ ಸದ್ದು ಕೇಳಿದ ಮರುಕ್ಷಣ ನಮ್ಮ ಚಾನೆಲ್‌ನ ವಾಟ್ಸಾಪ್ ನಂಬರಿಗೆ ಒಂದೇ ಥರದ ಮೆಸೇಜ್‌ಗಳು ಬಂದು ಬೀಳ್ತವೆ. "ಈ ಹುಡುಗರನ್ನೆಲ್ಲ ಎರಡು ವರ್ಷ ಕಡ್ಡಾಯವಾಗಿ ಮಿಲಿಟರಿಗೆ ಹಾಕಿ ಸಾರ್, ದೇಶ ತಾನೇ ಸುಧಾರಿಸುತ್ತೆ." ಇಸ್ರೇಲ್ ನೋಡಿ, ಕೊರಿಯಾ ನೋಡಿ, ಸಿಂಗಾಪುರ ನೋಡಿ ಅಂತ ಉದಾಹರಣೆಗಳು ಬೇರೆ. ಹಂಸಭಾವಿಯಿಂದ ನಮ್ಮ ಕಾಕಾ ಕೂಡ ಫೋನ್ ಮಾಡಿ ಅದನ್ನೇ ಹೇಳಿದರು. "ಕಾಕಾ, ನಿಮ್ಮ ಮೊಮ್ಮಗನ್ನ ಮೊದಲು ಕಳಸ್ತೀರೇನ್ರಿ?" ಅಂದೆ. "ಅಂವಾ ಪಿಯುಸಿ ಸೈನ್ಸ್ ಓದಾಕತ್ತಾನಲೋ ತಮ್ಮಾ" ಅಂದರು. ಇರಲಿ.

ಕಡ್ಡಾಯ ಸೈನಿಕ ಸೇವೆ ಅನ್ನುವುದು ನಮ್ಮಲ್ಲಿ ಯಾವತ್ತೂ ಇರಲಿಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಇತ್ತು. ಆದರೆ ಅದು ಇದ್ದದ್ದು ಬಿಳಿಯರಿಗೆ ಮಾತ್ರ! ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಬ್ರಿಟಿಷ್ ಸರ್ಕಾರ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾಯ್ದೆ ತಂದಿತು. ಭಾರತದಲ್ಲಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳು ಕಡ್ಡಾಯವಾಗಿ ಸೇರಲೇಬೇಕು, ಭಾರತೀಯರು ಇಷ್ಟವಿದ್ದರೆ ಸೇರಬಹುದು. 1940ರಲ್ಲಿ ಎರಡನೇ ಯುದ್ಧಕ್ಕೂ ಬಿಳಿಯರಿಗೆಂದೇ ಅಂಥದ್ದೇ ಇನ್ನೊಂದು ಕಾಯ್ದೆ ಬಂತು. ನಮ್ಮ ಮೇಲಿನ ಕರುಣೆಯಿಂದ ನಮ್ಮನ್ನು ಬಿಟ್ಟರು ಅಂದುಕೊಳ್ಳಬೇಡಿ. 1857 ಕಂಡ ಸರ್ಕಾರಕ್ಕೆ ಪ್ರತಿ ಹಳ್ಳಿಯ ಹುಡುಗನಿಗೂ ಬಂದೂಕು ಹಿಡಿಯುವುದನ್ನು ಕಲಿಸುವಷ್ಟು ಧೈರ್ಯ ಇರಲಿಲ್ಲ ಅನ್ನುವುದು ನನ್ನ ಲೆಕ್ಕ. ಅದೂ ಅಲ್ಲದೆ ಕಾಯ್ದೆಯ ಅಗತ್ಯವೂ ಬೀಳಲಿಲ್ಲ. ಹಸಿವು ಆ ಕೆಲಸ ಮಾಡಿತು. ಎರಡನೇ ಮಹಾಯುದ್ಧ ಶುರುವಾದಾಗ ಸುಮಾರು 2 ಲಕ್ಷವಿದ್ದ ಭಾರತೀಯ ಸೇನೆ ಯುದ್ಧ ಮುಗಿಯುವ ಹೊತ್ತಿಗೆ 25 ಲಕ್ಷದ ಹತ್ತಿರ ಬಂದಿತ್ತು. ಜಗತ್ತಿನ ಅತಿ ದೊಡ್ಡ ಸ್ವಯಂಪ್ರೇರಿತ ಸೇನೆ ಅಂತ ಅದನ್ನು ಈಗಲೂ ಹೊಗಳ್ತಾರೆ. ಆ 'ಸ್ವಯಂಪ್ರೇರಿತ'ದಲ್ಲಿ ಎಷ್ಟು ಪ್ರೇರಣೆ, ಎಷ್ಟು ಹೊಟ್ಟೆಪಾಡು ಅನ್ನೋದನ್ನ ನೀವೇ ಅಂದಾಜು ಮಾಡಿ.

ಹಾಗಾದರೆ ಯಾರೂ ಬಲವಂತವಾಗಿ ಎಳೆದೊಯ್ಯದ ದೇಶದಲ್ಲಿ "ನನ್ನ ಮನಸ್ಸಾಕ್ಷಿ ಒಪ್ಪಲ್ಲ, ನಾನು ಯುದ್ಧಕ್ಕೆ ಒಲ್ಲೆ" ಅನ್ನುವ ಪ್ರಶ್ನೆ ಎದ್ದದ್ದಾದರೂ ಹೇಗೆ? ಅದಕ್ಕೆ ಮೊದಲು ಇಂಗ್ಲೆಂಡಿಗೆ ಹೋಗಿ ಬರಬೇಕು.

1916ರಲ್ಲಿ ಬ್ರಿಟನ್ ತನ್ನ ಗಂಡಸರ ಮೇಲೆ ಕಡ್ಡಾಯ ಸೈನಿಕ ಸೇವೆ ಹೇರಿತು. ಆದರೆ ಅದೇ ಕಾಯ್ದೆಯಲ್ಲಿ ಒಂದು ಕಿಂಡಿಯನ್ನೂ ಇಟ್ಟಿತು. ಕೊಲ್ಲುವುದು ತನ್ನ ಆತ್ಮಸಾಕ್ಷಿಗೆ ವಿರುದ್ಧ ಅನ್ನುವವನು ನ್ಯಾಯಮಂಡಳಿಯ ಮುಂದೆ ಬಂದು ಹೇಳಬಹುದು. ಇಂಥವರಿಗೆ ಕಾನ್ಷಿಯೆನ್ಷಸ್ ಅಬ್ಜೆಕ್ಟರ್ ಅಂತ ಹೆಸರು. ಸುಮಾರು 16 ಸಾವಿರ ಜನ ಹೀಗೆ ಹೇಳಿದರು. ಕಾಗದದ ಮೇಲಿನ ಕಿಂಡಿ ಎಲ್ಲರಿಗೂ ತೆರೆಯಲಿಲ್ಲ. ರಿಚ್‌ಮಂಡ್ ಕೋಟೆಯಲ್ಲಿ ಕೂಡಿಟ್ಟಿದ್ದ 16 ಮಂದಿಯನ್ನು ಫ್ರಾನ್ಸ್‌ಗೆ ಸಾಗಿಸಿ, ಆಜ್ಞೆ ಮೀರಿದ್ದಕ್ಕೆ ಮರಣದಂಡನೆ ಅಂತ ಸೈನಿಕ ನ್ಯಾಯಾಲಯ ಘೋಷಿಸಿತು. ಆಮೇಲೆ ಅದನ್ನು 10 ವರ್ಷದ ಕಠಿಣ ಸಜೆಗೆ ಇಳಿಸಿದರು. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1918ರಲ್ಲಿ ಯುದ್ಧದ ವಿರುದ್ಧ ಬರೆದು ಜೈಲು ಸೇರಿದರು.

ಅದೇ 1918ರಲ್ಲಿ ನಮ್ಮ ಗಾಂಧೀಜಿ ಏನು ಮಾಡ್ತಿದ್ದರು ಗೊತ್ತಾ? ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಬ್ರಿಟಿಷ್ ಸೇನೆಗೆ ಜನ ಸೇರಿಸ್ತಿದ್ದರು! ಸ್ವಲ್ಪ ದಿನದ ಹಿಂದಷ್ಟೇ ಅದೇ ಹಳ್ಳಿಗಳಲ್ಲಿ ಕಂದಾಯ ಕೊಡಬೇಡಿ ಅಂತ ಸತ್ಯಾಗ್ರಹ ಮಾಡಿಸಿದ್ದರು. ಆಗ ಬಾಡಿಗೆ ಇಲ್ಲದೆ ಚಕ್ಕಡಿ ಕಟ್ಟಿಕೊಡ್ತಿದ್ದ ರೈತರು ಈಗ ದುಡ್ಡು ಕೊಡ್ತೀವಿ ಅಂದರೂ ಗಾಡಿ ಕೊಡಲಿಲ್ಲ. ಅಹಿಂಸೆ ಹೇಳುವ ನೀವೇ ಬಂದೂಕು ಹಿಡೀರಿ ಅಂದರೆ ಹೇಗೆ ಅಂತ ಮುಖಕ್ಕೇ ಕೇಳಿದರು. ಇದನ್ನೆಲ್ಲ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ನನ್ನ ಕೇಳಿದರೆ, ಭಾರತದ ಮೊದಲ ಕಾನ್ಷಿಯೆನ್ಷಸ್ ಅಬ್ಜೆಕ್ಟರ್‌ಗಳು ಆ ಖೇಡಾ ರೈತರೇ. ಅವರು ಒಲ್ಲೆ ಅಂದದ್ದು ಬೇರೆ ಯಾರಿಗೂ ಅಲ್ಲ, ಗಾಂಧೀಜಿಗೇ.

ಈಗ 21 ವರ್ಷ ಮುಂದೆ ಬನ್ನಿ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಅಂತ ಘೋಷಿಸಿಬಿಟ್ಟರು. ಒಬ್ಬ ಭಾರತೀಯ ನಾಯಕನನ್ನೂ ಕೇಳಲಿಲ್ಲ. ಒಂದು ವರ್ಷ ಮಾತುಕತೆ, ಷರತ್ತು, ಠರಾವು ಎಲ್ಲ ಆಯ್ತು. 1940ರ ಸೆಪ್ಟೆಂಬರ್ ಕೊನೆಗೆ ಗಾಂಧೀಜಿ ವೈಸರಾಯ್ ಎದುರು ಕೂತು ಕೇಳಿದ್ದು ಸ್ವಾತಂತ್ರ್ಯವನ್ನಲ್ಲ. ಯುದ್ಧ ಬೇಡ ಅಂತ ಬಾಯಿಬಿಟ್ಟು ಹೇಳುವ ಹಕ್ಕು ಕೊಡಿ ಅಂತ, ಅಷ್ಟೇ.

ವೈಸರಾಯ್ ಕೊಟ್ಟ ಉತ್ತರವನ್ನು ಗಮನವಿಟ್ಟು ನೋಡಿ. ಈ ಇಡೀ ಕಥೆಯ ಕೀಲಿಕೈ ಅದರಲ್ಲಿದೆ. ನಮ್ಮ ಬ್ರಿಟನ್‌ನಲ್ಲಿ ಆತ್ಮಸಾಕ್ಷಿಯ ಕಾರಣಕ್ಕೆ ಒಲ್ಲೆ ಅನ್ನುವವನಿಗೆ ಯುದ್ಧದಿಂದ ವಿನಾಯಿತಿ ಇದೆ, ತನ್ನ ನಂಬಿಕೆಯನ್ನು ಸಾರ್ವಜನಿಕವಾಗಿ ಹೇಳಿಕೊಳ್ಳಲೂಬಹುದು. ಆದರೆ ಸೈನಿಕರನ್ನೋ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರನ್ನೋ ಕೆಲಸ ಬಿಡಿ ಅಂತ ಒಪ್ಪಿಸಲು ಹೋಗುವಂತಿಲ್ಲ. ಇದು ಅವರ ಮಾತಿನ ಸಾರ. ಅಂದರೆ ನೀನು ಒಲ್ಲೆ ಅನ್ನು, ಪಕ್ಕದವನಿಗೆ ಒಲ್ಲೆ ಅನ್ನು ಅಂತ ಹೇಳಬೇಡ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಹಂಸಭಾವಿಯಲ್ಲೋ ಹಾನಗಲ್ಲಿನಲ್ಲೋ ನೇಗಿಲು ಹೊಡೆಯುವವನಿಗೆ ಈ ವಿನಾಯಿತಿ ತಗೊಂಡು ಆಗಬೇಕಾದ್ದೇನು? ಅವನನ್ನು ಯಾರೂ ಸೇನೆಗೆ ಕರೆದಿರಲಿಲ್ಲ. ಯುದ್ಧ ಅವನ ಮನೆಗೆ ಬರ್ತಿದ್ದದ್ದು ಬೇರೆ ದಾರಿಯಲ್ಲಿ. ಕಂದಾಯದ ರೂಪದಲ್ಲಿ, ಅಧಿಕಾರಿಗಳು ಎತ್ತುತ್ತಿದ್ದ ಯುದ್ಧ ನಿಧಿಯ ರೂಪದಲ್ಲಿ. ಅವನಿಗೆ ಒಲ್ಲೆ ಅನ್ನಲು ಇದ್ದದ್ದು ಬಾಯಿ ಒಂದೇ. ವೈಸರಾಯ್ ಬೇಡ ಅಂದದ್ದೂ ಅದನ್ನೇ.

ಹೀಗೆ ಶುರುವಾಗಿದ್ದು ವೈಯಕ್ತಿಕ ಸತ್ಯಾಗ್ರಹ. ಶಾಲೆಯ ಪುಸ್ತಕದಲ್ಲಿ ಎರಡು ಸಾಲಿಗೆ ಮುಗಿದುಹೋಗುವ ಚಳವಳಿ. ಉಪ್ಪಿನ ಸತ್ಯಾಗ್ರಹದ ಗ್ಲಾಮರ್ ಇಲ್ಲ, ಕ್ವಿಟ್ ಇಂಡಿಯಾದ ಬೆಂಕಿ ಇಲ್ಲ. 1940ರ ಅಕ್ಟೋಬರ್ 17ರಂದು ಪೌನಾರ್‌ನಲ್ಲಿ ವಿನೋಬಾ ಭಾವೆ ಮೊದಲು ಮಾತಾಡಿದರು. ನಾಲ್ಕು ದಿನಕ್ಕೆ ಬಂಧನ, 3 ತಿಂಗಳ ಸಜೆ. ಎರಡನೆಯವರು ನೆಹರು. ಅವರು ಮಾತಾಡುವ ಮೊದಲೇ ಹಿಡಿದು 4 ವರ್ಷದ ಶಿಕ್ಷೆ ಕೊಟ್ಟರು.

ಇದರ ವಿಧಾನ ಬಹಳ ವಿಚಿತ್ರ. ಎಂಜಿನಿಯರಿಂಗ್ ಓದಿದ ನನ್ನಂಥವನಿಗೆ ಇದರ ಡಿಸೈನ್ ನೋಡಿದರೇ ಖುಷಿ ಆಗುತ್ತೆ. ಗುಂಪು ಕಟ್ಟುವಂತಿಲ್ಲ. ಒಬ್ಬೊಬ್ಬರೇ. ಹೆಸರು ಮೊದಲೇ ಒಪ್ಪಿಗೆ ಆಗಬೇಕು. ಇಂಥ ದಿನ, ಇಂಥ ಹೊತ್ತು, ಇಂಥ ಊರಲ್ಲಿ ನಾನು ಕಾನೂನು ಮುರೀತೀನಿ ಅಂತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಾವೇ ನೋಟಿಸ್ ಕೊಡಬೇಕು! ಆಮೇಲೆ ಜನರೆದುರು ನಿಂತು, ಈ ಯುದ್ಧಕ್ಕೆ ಜನರನ್ನಾಗಲಿ ಹಣವನ್ನಾಗಲಿ ಕೊಡುವುದು ತಪ್ಪು, ಯುದ್ಧವನ್ನು ಅಹಿಂಸೆಯಿಂದ ಎದುರಿಸುವುದೇ ಸರಿ ಅಂತ ಹೇಳಬೇಕು. ಪೊಲೀಸರು ಹಿಡಿಯದಿದ್ದರೆ? ಅದನ್ನೇ ಹೇಳುತ್ತಾ ದೆಹಲಿ ಕಡೆ ನಡೆಯುತ್ತಾ ಹೋಗಬೇಕು. ಕ್ರಿಸ್‌ಮಸ್ ಬಂದಾಗ ಬ್ರಿಟಿಷ್ ಅಧಿಕಾರಿಗಳ ಹಬ್ಬಕ್ಕೆ ತೊಂದರೆ ಆಗದಿರಲಿ ಅಂತ ಗಾಂಧೀಜಿ ಚಳವಳಿಗೇ ರಜೆ ಕೊಟ್ಟರು. 1941ರ ಏಪ್ರಿಲ್ ಹೊತ್ತಿಗೆ ನಾಲ್ಕಾಣೆ ಕೊಟ್ಟ ಸಾಮಾನ್ಯ ಸದಸ್ಯರಿಗೂ ಅವಕಾಶ ಸಿಕ್ಕಿತು. ದೇಶದಾದ್ಯಂತ 20 ಸಾವಿರಕ್ಕೂ ಹೆಚ್ಚು ಜನ ಜೈಲಿಗೆ ಹೋದರು.

ನಮ್ಮ ಸೀಮೆ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಹಂಸಭಾವಿ ಇರುವ ಹಿರೇಕೆರೂರು ತಾಲ್ಲೂಕಿಗೆ 'ಕೊಡೋದಿಲ್ಲ' ಅನ್ನುವುದು ಹೊಸದಾಗಿರಲಿಲ್ಲ. ಹತ್ತು ವರ್ಷದ ಹಿಂದೆ, 1930ರ ದಶಕದ ಆರಂಭದಲ್ಲಿ, ಅಂಕೋಲಾ, ಸಿದ್ದಾಪುರದ ಜೊತೆ ಕರನಿರಾಕರಣೆಗೆ ಇಳಿದ ತಾಲ್ಲೂಕು ಇದು. ಹೊಲ ಹೋದರೂ ದನ ಹೋದರೂ ಕಂದಾಯ ಕೊಡಲ್ಲ ಅಂತ ಕೂತ ಹೋರಾಟ ಅದು. ಸರ್ಕಾರಕ್ಕೆ ಹಣ ಕೊಡುವುದೂ ಒಂದು ಒಪ್ಪಿಗೆ, ಅದನ್ನು ಹಿಂದಕ್ಕೆ ಪಡೆಯಬಹುದು ಅನ್ನೋದು ಇಲ್ಲಿನ ರೈತನಿಗೆ ಯಾವ ಪುಸ್ತಕದಿಂದಲೂ ಗೊತ್ತಾಗಬೇಕಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಸಿಗುತ್ತೆ. ಆದರೆ ಬೆಳಗಾವಿಗೆ ಒಮ್ಮೆ ಹೋಗಲೇಬೇಕು.

ಆ ಕಾಲದಲ್ಲಿ ಈ ಭಾಗದ ಸತ್ಯಾಗ್ರಹಿಗಳನ್ನು ಇಡುತ್ತಿದ್ದ ಹಿಂಡಲಗಾ ಜೈಲು ಬೆಳಗಾವಿಯ ಪಕ್ಕದಲ್ಲಿದೆ. ಅದೇ ಬೆಳಗಾವಿಯಲ್ಲಿ 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. ಅದಕ್ಕಾಗಿ ಒತ್ತಾಯಿಸಿದವರು ಡಾ. ಅಂಬೇಡ್ಕರ್. ಅವರ ತಂದೆ ರಾಮ್‌ಜಿ ಸೇನೆಯಲ್ಲಿ ಸುಬೇದಾರರಾಗಿದ್ದವರು. ಹತ್ತೊಂಬತ್ತನೇ ಶತಮಾನದ ಕೊನೆಗೆ 'ಇವರು ಯೋಧ ಜಾತಿಯಲ್ಲ' ಅಂತ ಹೇಳಿ ಬ್ರಿಟಿಷರು ಮಹಾರರ ನೇಮಕಾತಿಯನ್ನೇ ನಿಲ್ಲಿಸಿದ್ದರು. ಮೊದಲ ಯುದ್ಧದಲ್ಲಿ ಬೇಕಾದಾಗ ಕರೆದು, ಮುಗಿದ ಮೇಲೆ ಮತ್ತೆ ಮನೆಗೆ ಕಳಿಸಿದ್ದರು. ಆ ಜನಕ್ಕೆ ಸಮವಸ್ತ್ರ ಅಂದರೆ ಬೂಟು, ಸಂಬಳ, ಓದು, ಊರ ಕಣ್ಣಲ್ಲಿ ಕಣ್ಣಿಟ್ಟು ನಡೆಯುವ ಹಕ್ಕು. ಜೊತೆಗೆ ಹಿಟ್ಲರ್ ಗೆದ್ದರೆ ಜಗತ್ತಿನಲ್ಲಿ ಸಮಾನತೆಯ ಮಾತೇ ಇರಲ್ಲ ಅನ್ನುವುದು ಅಂಬೇಡ್ಕರ್ ಅವರ ಖಚಿತ ನಿಲುವು. ಎಂ.ಎನ್. ರಾಯ್ ಕೂಡ ಅದನ್ನೇ ಹೇಳಿ ಕಾಂಗ್ರೆಸ್ಸಿನಿಂದ ಹೊರಬಂದರು.

ಒಂದೇ ಊರು, ಒಂದೇ ವರ್ಷ. ಯುದ್ಧ ಬೇಡ ಅಂತ ಕೆಲವರು ಜೈಲಿನಲ್ಲಿ. ಸೇನೆಗೆ ಸೇರಿಸಿಕೊಳ್ಳಿ ಅಂತ ಕೇಳಿ ಪಡೆದವರು ಪರೇಡ್ ಮೈದಾನದಲ್ಲಿ. ಯಾರ ಆತ್ಮಸಾಕ್ಷಿ ದೊಡ್ಡದು ಅಂತ ಪ್ಯಾನೆಲ್ ಕೂರಿಸಿ ಚರ್ಚೆ ಮಾಡಿಸಿದರೆ ಟಿಆರ್‌ಪಿ ಬರುತ್ತೆ, ಉತ್ತರ ಬರಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹಿಟ್ಲರ್ ವಿಷಯದಲ್ಲಿ ಅಂಬೇಡ್ಕರ್ ಹೇಳಿದ್ದು ಸರಿ. ಆದರೆ ಯುದ್ಧ ಬೇಡ ಅಂದವನ ಬಾಯಿ ಮುಚ್ಚಿಸಿದ್ದು ತಪ್ಪು. ಈ ಎರಡೂ ಮಾತು ಒಟ್ಟಿಗೆ ನಿಲ್ಲಬಲ್ಲವು.

ಇನ್ನೊಂದು ವಿಷಯ. ಭಾರತೀಯರಿಗೆ ಕಡ್ಡಾಯ ಇರಲೇ ಇಲ್ಲ ಅಂದೆನಲ್ಲ, ಅದಕ್ಕೂ ಒಂದು ಅಪವಾದವಿದೆ. 1940ರ ಜೂನ್‌ನಲ್ಲಿ ಬಂದ ಒಂದು ಸುಗ್ರೀವಾಜ್ಞೆ ಪ್ರಕಾರ ತಾಂತ್ರಿಕ ಕೆಲಸ ಬಲ್ಲವರನ್ನು ಯುದ್ಧ ಸಾಮಗ್ರಿ ಮಾಡುವ ಕಾರ್ಖಾನೆಗಳಿಗೆ ಸರ್ಕಾರ ಕಡ್ಡಾಯವಾಗಿ ಕಳಿಸಬಹುದಿತ್ತು. ಅದನ್ನು ನಡೆಸಲು ಪ್ರಾಂತ್ಯಗಳಲ್ಲಿ ನ್ಯಾಯಮಂಡಳಿಗಳೂ ಇದ್ದವು. ಬಂದೂಕು ಹೊರಲು ಹಸಿದ ರೈತನ ಮಗ ತಾನಾಗಿ ಬರ್ತಾನೆ, ಬಂದೂಕು ಮಾಡಲು ಫಿಟ್ಟರ್, ಟರ್ನರ್ ಬೇಕಲ್ಲ! ಆಗ ನಾನಿದ್ದಿದ್ದರೆ ಮೈಕ್ ಬದಲು ಲೇಥ್ ಮುಂದೆ ನಿಂತಿರಬೇಕಾಗಿತ್ತೋ ಏನೋ.

1941ರ ಡಿಸೆಂಬರ್ ಮೊದಲ ವಾರ ಸತ್ಯಾಗ್ರಹಿಗಳನ್ನು ಬಿಟ್ಟರು. ಅದೇ ವಾರ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಯುದ್ಧ ನಮ್ಮ ಬಾಗಿಲಿಗೆ ಬಂತು. ಒಬ್ಬೊಬ್ಬರೇ ನಿಂತು ಹೇಳುವ ಸಹನೆಯ ಕಾಲ ಮುಗಿಯಿತು. ಹಾವೇರಿ ಸೀಮೆಯಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನಿಮಗೆ ಗೊತ್ತು. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಏಕೈಕ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ದೇವಸ್ಥಾನದಲ್ಲಿಟ್ಟಿದ್ದ ಕಂದಾಯದ ಹಣ ಸರ್ಕಾರಕ್ಕೆ ಹೋಗದಂತೆ ತಡೆಯಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಅಲ್ಲಿ ಯಾರಿಗೂ ಯಾರೂ ನೋಟಿಸ್ ಕೊಟ್ಟಿರಲಿಲ್ಲ.

ಈಗ ನಮ್ಮ ಸಂವಿಧಾನ ತೆಗೆಯಿರಿ. 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತೆ. ಅದರ ಎರಡನೇ ಭಾಗ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ಹೇರಬಹುದು ಅನ್ನುತ್ತೆ. ಆದರೆ ಧರ್ಮ, ಜನಾಂಗ, ಜಾತಿ, ವರ್ಗ ಅಷ್ಟನ್ನೇ ನೋಡಿ ತಾರತಮ್ಯ ಮಾಡುವಂತಿಲ್ಲ. ಎರಡು ವಿಧಿ ದಾಟಿ 25ಕ್ಕೆ ಬನ್ನಿ, ಅಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಇದೆ. ನಾಳೆ ಕಡ್ಡಾಯ ಸೈನಿಕ ಸೇವೆ ಬಂತು ಅಂತಿಟ್ಟುಕೊಳ್ಳಿ. ಇರುವೆ ತುಳಿಯದ ಜೈನ ಮನೆಯ ಹುಡುಗ ಒಲ್ಲೆ ಅಂದರೆ? ಅವನ ಧರ್ಮ ಒಂದನ್ನೇ ನೋಡಿ ಬಿಡುವಂತಿಲ್ಲ. ಹಾಗಂತ ಅವನ ಆತ್ಮಸಾಕ್ಷಿಯನ್ನು ತುಳಿಯುವಂತೆಯೂ ಇಲ್ಲ. ನಮ್ಮ ನ್ಯಾಯಾಲಯಗಳು ಈ ಗಂಟು ಬಿಚ್ಚುವ ಪ್ರಸಂಗ ಬಂದಿಲ್ಲ. ದಕ್ಷಿಣ ಕೊರಿಯಾದಲ್ಲಿ ಬಂತು. ಅಲ್ಲಿ ದಶಕಗಳ ಕಾಲ ಸಾವಿರಾರು ಹುಡುಗರು ಒಲ್ಲೆ ಅಂತ ಜೈಲಿಗೆ ಹೋದ ಮೇಲೆ, 2018ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಪರ್ಯಾಯ ಸೇವೆಗೆ ದಾರಿ ಮಾಡಿ ಅಂದಿತು. ಈಗ ಅವರು 36 ತಿಂಗಳು ಜೈಲುಗಳಲ್ಲಿ ಸಿಬ್ಬಂದಿಯ ಥರ ದುಡಿಯಬೇಕು. ಕೊರಿಯಾ ನೋಡಿ ಅನ್ನುವವರು ಇದನ್ನೂ ನೋಡಬೇಕು.

2024ರ ಫೆಬ್ರವರಿಯಲ್ಲಿ ನಾವು ಬ್ರೇಕಿಂಗ್ ಹಾಕಿದ ಸುದ್ದಿ ನಿಮಗೆ ನೆನಪಿರಬಹುದು. ಕಲಬುರಗಿಯ ಕೆಲವು ಯುವಕರು ಸೆಕ್ಯುರಿಟಿ ಕೆಲಸ, ಒಳ್ಳೆ ಸಂಬಳ ಅಂತ ಏಜೆಂಟ್ ಮಾತು ನಂಬಿ ರಷ್ಯಾಕ್ಕೆ ಹೋಗಿ, ಉಕ್ರೇನ್ ಯುದ್ಧದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ವಿಡಿಯೋ ಮಾಡಿ ಕಾಪಾಡಿ ಅಂತ ಬೇಡಿಕೊಂಡರು. ಯಾವ ಕಡ್ಡಾಯ ಕಾಯ್ದೆಯೂ ಅವರನ್ನು ಮುಟ್ಟಿರಲಿಲ್ಲ. ಸರ್ಕಾರಗಳ ಮಟ್ಟದಲ್ಲಿ ಮಾತುಕತೆ ನಡೆದು, ಅವರು ಊರಿಗೆ ಬಂದು ಇಳಿಯುವಷ್ಟರಲ್ಲಿ ಸೆಪ್ಟೆಂಬರ್ ಆಗಿತ್ತು.