ಹೆಸರು ಬೇಡವೆಂದ ದತ್ತಿ

ಅಗಲಿದ ಹಿರಿಯರ ಹೆಸರಿನಲ್ಲಿ ವಿದ್ಯಾರ್ಥಿವೇತನದ ದತ್ತಿ ಇಡುವುದನ್ನು ಚರ್ಚುಗಳಲ್ಲಿಯೂ ಮಠಗಳಲ್ಲಿಯೂ ತಾವು ಕಂಡಿದ್ದೀರಿ. ಭದ್ರಾವತಿಯ ದುಡಿಮೆಯಿಂದ ಹುಟ್ಟಿದ ದತ್ತಿಯೊಂದರ ಕಥೆ ಬೇರೆ ಬಗೆಯದು.

ಇದ್ದಲಿನಿಂದ ಕಬ್ಬಿಣ ಕರಗಿಸುತ್ತಿದ್ದ ಇಲ್ಲಿನ ಕಾರ್ಖಾನೆ 1923ರಲ್ಲಿ ಆರಂಭವಾಯಿತು. ಮೊದಲಿಗೇ ನಷ್ಟಕ್ಕೆ ಸಿಕ್ಕಿತು. ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಬಂದು 1929ರವರೆಗೆ ಅದನ್ನು ನಡೆಸಿ ನೆಲೆಗೆ ತಂದರು. ಆ ದುಡಿಮೆಗೆ ಸರ್ಕಾರ ಕೊಡಬೇಕಾಗಿದ್ದ ಹಣವನ್ನು ಮನೆಗೊಯ್ಯದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿರೆಂದರು. ಅದಕ್ಕೆ ಅವರದೇ ಹೆಸರಿಡುವ ಮಾತು ಬಂದಾಗ ಒಲ್ಲೆನೆಂದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಮಹಾರಾಜರ ಹೆಸರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತೆರೆಯಿತು. ಮುಂದೆ ಪಾಲಿಟೆಕ್ನಿಕ್ ಆಗಿ ಬೆಳೆಯಿತು.

ತಮ್ಮ ಮನೆಯ ಹಿರಿಯರ ನೆನಪಿಗೆ ದತ್ತಿ ಇಡುವಾಗ, ಕಲ್ಲಿನಲ್ಲಿ ಕೆತ್ತುವ ಹೆಸರಿನೊಡನೆ ಕಲಿಯಲಿರುವ ಮಗುವನ್ನೂ ತಾವು ನೆನೆಯಬಹುದಲ್ಲವೆ?